ಜೀಪಿನ ಮೇಲೆ ಇಷ್ಟೇಕೆ ಸಿಟ್ಟು?

ನಮ್ಮ ವಿಚಾರಸಂಕಿರಣಗಳಲ್ಲಿ ಮಲೆನಾಡಿನ ಜೀಪಿಗೆ ಸಿಗುವುದು ಒಂದೇ ಪಾತ್ರ, ಖಳನದು. ಕಾಂಟ್ರಾಕ್ಟರು, ರೇಂಜರು, ಓಟು ಕೇಳುವವರು ಬಂದಿಳಿಯುವ ಗಾಡಿ, ದರ್ಪದ ಗುರುತು. ಸಂಶೋಧನಾ ವಿದ್ಯಾರ್ಥಿಯಾದ ನಾನು ಈ ಓದನ್ನು ಸುಳ್ಳೆನ್ನುವುದಿಲ್ಲ, ಸೋಮಾರಿ ಓದು ಎನ್ನುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಣ್ಣುರಸ್ತೆಯನ್ನು ಜುಲೈ ತಿಂಗಳಲ್ಲಿ ಕಂಡವರು ಅಷ್ಟಕ್ಕೇ ನಿಲ್ಲಲಾರರು.

ಮೊದಲು ಗಾತ್ರದ ಮಾತು. ವಿಲ್ಲಿಸ್ ಜೀಪಿನ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 80 ಇಂಚು. ಮಾರುತಿ 800ಕ್ಕಿಂತಲೂ ಕಡಿಮೆ! ಅಮೆರಿಕ ಎಂದೊಡನೆ ನಮಗೆ ಹಡಗಿನಂಥ ಕಾರುಗಳು ನೆನಪಾಗುತ್ತವೆ. ಆ ದೇಶದ ಅತಿ ಜಾಣ ಸಣ್ಣ ಕಾರು ಇದು ಎಂಬುದು ನನ್ನ ವಾದ. 1940ರಲ್ಲಿ ಅಲ್ಲಿನ ಸೇನೆ 49 ದಿನಗಳಲ್ಲಿ ಮಾದರಿ ಕೇಳಿದಾಗ ಮಾಡಿಕೊಟ್ಟಿದ್ದು ಬ್ಯಾಂಟಮ್ ಎಂಬ ಪುಟ್ಟ ಕಂಪನಿ. ದೊಡ್ಡ ಗುತ್ತಿಗೆ, ಹೆಸರು ಎರಡೂ ವಿಲ್ಲಿಸ್ ಮತ್ತು ಫೋರ್ಡ್ ಪಾಲಾದವು. (ಗೈಡುಗಳ ಕೈಕೆಳಗೆ ದುಡಿಯುವವರಿಗೆ ಈ ಕಥೆ ಹೊಸದೇನಲ್ಲ.) ಆಮೇಲೆ ಮುಂಬಯಿಯಲ್ಲಿ ಮಹೀಂದ್ರಾದವರು ಅದನ್ನು ಜೋಡಿಸಿ, ತಯಾರಿಸಿ, ದಶಕಗಟ್ಟಲೆ ಓಡಿಸಿದರು.

ಅಡಿಕೆ ತೋಟಕ್ಕೆ ಇಳಿಯುವ ದಾರಿ ಎತ್ತಿನಗಾಡಿಯ ಅಳತೆಯದು. ಅಗಲದ ವಾಹನ ಅಲ್ಲಿ ತಿರುಗದು, ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಕಾರು ಕೆಸರಲ್ಲಿ ಹೂತುಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗೇರು ಹಾಕಿದರೆ ಜೀಪು ಗೊಬ್ಬರ, ಅಡಿಕೆ ಮೂಟೆ, ಹೆರಿಗೆ ನೋವಿನ ಹೆಂಗಸು ಎಲ್ಲವನ್ನೂ ಹೊತ್ತು ಏರುತ್ತದೆ. ಕೆಟ್ಟರೆ ಪೇಟೆಯ ಮೆಕ್ಯಾನಿಕ್ಕೇ ಸಾಕು, ಕಂಪ್ಯೂಟರು ಬೇಡ. ತಗಡು ನಜ್ಜಾದರೆ ಸುತ್ತಿಗೆಯೇ ಔಷಧಿ.

ಜೀಪು ಇದ್ದದ್ದು ಯಾರ ಮನೆಯಲ್ಲಿ ಎಂದು ಕೇಳುತ್ತೀರಿ. ಹೆಚ್ಚಾಗಿ ಒಡೆಯರ ಅಂಗಳದಲ್ಲೇ, ಒಪ್ಪಿದೆ. ಹಿಂದಿನ ಬೆಂಚಿನಲ್ಲಿ ಕೂತವರಾರು, ಮಳೆಗಾಲದ ರಾತ್ರಿ ಎಬ್ಬಿಸಿದಾಗ ಎದ್ದು ಬಂದ ಡ್ರೈವರ್ ಯಾರು ಎಂದೂ ಕೇಳಬೇಕಲ್ಲ? ಕೊಡಚಾದ್ರಿಯ ಆ ಕಲ್ಲುದಾರಿಯಲ್ಲಿ ದಿನವೂ ಪ್ರವಾಸಿಗರನ್ನು ಹತ್ತಿಸಿ ಇಳಿಸುವ ಚಾಲಕರ ಮೇಲೆ ಒಂದು ಪ್ರಬಂಧವನ್ನೂ ನಾನು ಓದಿಲ್ಲ. ನಮ್ಮವರು ಓದುವುದು ಮುಂದಿನ ಸೀಟನ್ನು ಮಾತ್ರ.

ಇನ್ನು ದಪ್ಪ ಟೈರು ಹಾಕಿ, ಹಳ್ಳದಲ್ಲಿ ಕೆಸರೆರಚಿ ರೀಲ್ಸ್ ಮಾಡುವ ಪಟ್ಟಣದ ಜೀಪುಪ್ರೇಮಿಗಳು. ಅವರಿಗಿಂತ ನಮ್ಮ ವಿಮರ್ಶಕರೇ ವಾಸಿ, ಹಳ್ಳವನ್ನಾದರೂ ಕಲಕುವುದಿಲ್ಲ. ಅಷ್ಟರಲ್ಲಿ ಹಳೆಯ ಜೀಪುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಅವುಗಳ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್ಕುಗಳಿಗೂ ವಯಸ್ಸಾಗಿದೆ. ರೆಕಾರ್ಡರ್ ಹಿಡಿದು ಮುಂದಿನ ವಾರವೇ ಹೊರಡುವವರಿದ್ದರೆ ಹೇಳಿ, ಬಸ್‌ಚಾರ್ಜು ನಾನು ಕೊಡುತ್ತೇನೆ.