ಸ್ಟೋರಿ ಹಾಕಿದ್ದು ಸಾಕು, ಅರ್ಜಿ ಬರೆಯೋಣ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಪಿಜಿ ರಸ್ತೆಯ ನಾಲ್ಕು ಬೀದಿದೀಪ ಒಟ್ಟಿಗೆ ಕೈಕೊಟ್ಟವು. ಲ್ಯಾಬ್ ಮುಗಿಸಿ, ಮೆಟ್ರೋ ಇಳಿದು, ರಾತ್ರಿ ಒಂಬತ್ತಕ್ಕೆ ಮೊಬೈಲ್ ಟಾರ್ಚ್ ಹಿಡಿದು ನಡೆಯೋದು. ಆಗ ನಾವು ಮಾಡಿದ್ದೇನು? ಕತ್ತಲೆಯ ಫೋಟೋ ತೆಗೆದು ‘ನಮ್ಮ ಬೆಂಗಳೂರು’ ಅಂತ ಸ್ಟೋರಿ ಹಾಕಿದ್ವಿ. ಸಿಕ್ಕಾಪಟ್ಟೆ ಲೈಕ್ ಬಂತು. ದೀಪ ಬರಲಿಲ್ಲ.

ಆಮೇಲೆ ಒಂದು ಕಡೆ ಫೋನ್ ಮಾಡಿದ್ರೆ ‘ಇದು ನಮ್ಮದಲ್ಲ’ ಅಂದ್ರು. ಅವರು ಹೇಳಿದ್ದು ಸರಿಯೇ. ಮನೆಗೆ ಕರೆಂಟ್ ಹೋದರೆ ಬೆಸ್ಕಾಂ, 1912. ನೀರು, ಒಳಚರಂಡಿ ಆದರೆ ಜಲಮಂಡಳಿ, 1916. ಬೀದಿದೀಪ, ಕಸ, ಗುಂಡಿ ಆದರೆ ಪಾಲಿಕೆ, 1533. ನಾಲ್ಕು ವರ್ಷ ಸರ್ಕ್ಯೂಟ್ ಓದುವ ನಮಗೆ ತಲೆ ಮೇಲಿನ ಬಲ್ಬ್ ಯಾರದ್ದು ಅಂತಲೇ ಗೊತ್ತಿರಲಿಲ್ಲ.

ಗೊತ್ತಿಲ್ಲದಿರೋದಕ್ಕೆ ಕಾರಣವೂ ಇದೆ. ನಮ್ಮ ಈ ಪೂರ್ವ ಭಾಗದಲ್ಲಿ ‘ಊರಾಳೋರು ಯಾರು’ ಅನ್ನೋದು ಆಗಾಗ ಬದಲಾಗಿದೆ. 1862ರಿಂದ ದಂಡು ಪ್ರದೇಶಕ್ಕೆ ಒಂದು ಮುನಿಸಿಪಾಲಿಟಿ, ಪೇಟೆಗೆ ಇನ್ನೊಂದು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಕೆ.ಆರ್. ಪುರಂ ನಗರಸಭೆ ಬಿಬಿಎಂಪಿಯೊಳಗೆ ಬಂದದ್ದು 2007ರಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು: ಶಿವಾಜಿನಗರ, ಇಂದಿರಾನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರಂ ಪೂರ್ವ ಪಾಲಿಕೆಗೆ. ಇದರ ಮಧ್ಯೆ, 2015ರಲ್ಲಿ ಗೆದ್ದ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ಆಗಿರಲಿಲ್ಲ. ಬೆಳಗ್ಗೆ ಹೋಗಿ ಬಾಗಿಲು ತಟ್ಟೋಕೆ ವಾರ್ಡಿನಲ್ಲಿ ಒಂದು ಮನೆಯೇ ಇಲ್ಲದ ಕಾಲ ಅದು.

ಅಂಥ ಕಾಲದಲ್ಲಿ ಬಾಯಿಮಾತಿನ ದೂರು ಗಾಳಿಗೆ ಹೋಗುತ್ತೆ. ಉಳಿಯೋದು ಕಾಗದ ಮತ್ತು ಅದರ ನಂಬರ್. ಬಗ್ ರಿಪೋರ್ಟ್ ಬರೆಯೋದು ನಮಗೆ ಗೊತ್ತು. ‘ಆ್ಯಪ್ ಸರಿ ಇಲ್ಲ’ ಅಂತ ಬರೆದ್ರೆ ಯಾರೂ ಮುಟ್ಟಲ್ಲ. ಎಲ್ಲಿ, ಯಾವಾಗಿಂದ, ಏನಾಗ್ತಿದೆ, ಏನಾಗಬೇಕು ಅಂತ ಬರೆದ್ರೆ ಕೆಲಸ ಶುರುವಾಗುತ್ತೆ. ಅರ್ಜಿಯೂ ಅಷ್ಟೇ. ಒಂದು ಅರ್ಜಿಗೆ ಒಂದೇ ವಿಷಯ, ಹತ್ತಿರದ ಅಂಗಡಿಯ ಗುರುತು, ತಾರೀಖು, ಸಹಿ, ಸ್ವೀಕೃತಿ. ಉತ್ತರ ಬರಲಿಲ್ಲವೋ, ಮಾಹಿತಿ ಹಕ್ಕು ಇದೆ: 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಆ ಅರ್ಜಿಗೂ ಒಂದೇ ವಿಷಯ, 150 ಪದದ ಮಿತಿ. ನಮ್ಮ ಅಸೈನ್‌ಮೆಂಟ್‌ಗಿಂತ ಸಣ್ಣದು.

‘ನಮ್ಮ ಓಟು ಇರೋದು ರಾಯಚೂರಲ್ಲಿ, ನಮಗ್ಯಾಕೆ ಇಲ್ಲಿಯ ಉಸಾಬರಿ?’ ಅಂತ ಹಾಸ್ಟೆಲ್‌ನಲ್ಲಿ ಕೇಳ್ತಾರೆ. ಬೀದಿದೀಪದ ದೂರಿಗೆ ವೋಟರ್ ಐಡಿ ಬೇಕಿಲ್ಲ. ನಾವು ನಾಲ್ಕು ವರ್ಷಕ್ಕೆ ಹೋಗ್ತೀವಿ, ನಿಜ. ಆದರೆ ಅದೇ ರಸ್ತೆಯಲ್ಲಿ ಮುಂದಿನ ವರ್ಷ ನಮ್ಮ ಜೂನಿಯರ್ ನಡೀತಾಳೆ.

ಇನ್ನೊಂದು ಮಾತು, ಇದು ನಮ್ಮ ಸಂಘಕ್ಕೇ ಹೇಳಬೇಕಾದ್ದು. ಶಿವಾಜಿನಗರ, ಹಲಸೂರಿನಲ್ಲಿ ತಮಿಳು, ಉರ್ದು, ತೆಲುಗು ಮನೆಮಾತಿನವರು ತಲೆಮಾರುಗಳಿಂದ ಇದ್ದಾರೆ. ಎಷ್ಟೋ ಜನ ಕನ್ನಡ ಸಲೀಸಾಗಿ ಮಾತಾಡ್ತಾರೆ, ಬರೆಯೋಕೆ ಬರಲ್ಲ. ಟೀ ಅಂಗಡಿ ಅಕ್ಕನಿಗೆ ಮೋರಿ ಕಟ್ಟಿಕೊಂಡಿರೋದು ನಮಗಿಂತ ಚೆನ್ನಾಗಿ ಗೊತ್ತು. ಅದನ್ನ ಕಾಗದದ ಮೇಲೆ ಇಡೋದೇ ಕಷ್ಟ. ನಮಗೋ, ಬರೆಯೋಕೆ ಬರುತ್ತೆ, ಬರೆಯೋ ವಿಷಯ ಗೊತ್ತಿಲ್ಲ. ನವೆಂಬರ್‌ನಲ್ಲಿ ಬಾವುಟ ಕಟ್ಟೋದು, ಆರ್ಕೆಸ್ಟ್ರಾ ಮಾಡಿಸೋದು ಬೇಡ ಅನ್ನಲ್ಲ. ಆದರೆ ವಾರಕ್ಕೊಂದು ಗಂಟೆ ಕಾಲೇಜು ಗೇಟಿನ ಹತ್ತಿರ ಒಂದು ಮೇಜು ಹಾಕಿ, ಬಂದವರಿಗೆ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟರೆ ಅದೂ ಕನ್ನಡದ ಕೆಲಸವೇ. ‘ಕನ್ನಡ ಕಲೀರಿ’ ಅಂತ ಕೂಗೋದಕ್ಕಿಂತ, ನಮ್ಮ ಕನ್ನಡದಿಂದ ಅವರಿಗೊಂದು ಉಪಕಾರ ಆಗೋದು ಮೇಲು.

ಅಂದಹಾಗೆ, ನಮ್ಮ ದೀಪದ ಕಥೆ. ಹದಿನೆಂಟು ಜನ ಸಹಿ ಹಾಕಿ ಅರ್ಜಿ ಕೊಟ್ವಿ, ನಂಬರ್ ಹಿಡಿದು ಮೂರು ಸಲ ವಿಚಾರಿಸಿದ್ವಿ. ಮೂರು ದೀಪ ಬಂದಿವೆ. ನಾಲ್ಕನೆಯದಕ್ಕೆ ಸೋಮವಾರ ಮತ್ತೆ ಹೋಗ್ತೀವಿ. ಬರೋರು ಬನ್ನಿ, ಪೆನ್ ತನ್ನಿ.