ಬಾಲವಿಲ್ಲದ ತೇಜಸ್ ಮತ್ತು ಬೆಂಗಳೂರಿನಲ್ಲಿ ಬರೆದ ಕೋಡ್

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಭಾರತೀಯ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತು. 1963ರಿಂದ ಸೇವೆಯಲ್ಲಿದ್ದ ಈ ಸೋವಿಯತ್ ವಿಮಾನದ ಜಾಗ ತುಂಬಬೇಕಿರೋದು ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್. ಎರಡರ ಫೋಟೊ ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ತ್ರಿಕೋನಾಕಾರದ ರೆಕ್ಕೆ. ಆದರೆ ಮಿಗ್-21ರ ಹಿಂತುದಿಯಲ್ಲಿ ಆಚೀಚೆ ಇನ್ನೊಂದು ಜೊತೆ ಪುಟ್ಟ ರೆಕ್ಕೆಗಳಿವೆ. ಅದು ಅಡ್ಡಬಾಲ. ತೇಜಸ್‌ಗೆ ಅದಿಲ್ಲ. ನೆಟ್ಟಗೆ ನಿಂತ ಬಾಲ ಒಂದೇ.

ಮಿಗ್ ನಿವೃತ್ತಿಯಾಗಿ ಎರಡು ತಿಂಗಳಾಗುವ ಮೊದಲೇ, ನವೆಂಬರ್ 21ರಂದು, ದುಬೈ ಏರ್ ಶೋನಲ್ಲಿ ತೇಜಸ್ ಪತನವಾಗಿ ಪೈಲಟ್ ಪ್ರಾಣ ಕಳೆದುಕೊಂಡರು. ಅದಕ್ಕೆ ಕಾರಣ ಏನು ಅಂತ ಹೇಳಬೇಕಾದದ್ದು ತನಿಖೆ, ನಮ್ಮ ಟೈಮ್‌ಲೈನ್ ಅಲ್ಲ. ಆದರೆ ‘ತೇಜಸ್ ವಿನ್ಯಾಸದಲ್ಲೇ ಅಸ್ಥಿರ ವಿಮಾನ’ ಅನ್ನೋ ಮಾತು ಕೇಳಿದವರಿಗೆ ಭಯ ಆಗೋದು ಸಹಜ. ಮಾತು ನಿಜ. ಭಯಪಡೋಕೆ ಮುಂಚೆ ಅದರ ಅರ್ಥ ಏನು ಅಂತ ನೋಡೋಣ. ನಮ್ಮ ‘ಆತ್ಮನಿರ್ಭರ’ ಚರ್ಚೆಯ ಅಸಲಿ ಪ್ರಶ್ನೆ ಇರೋದೂ ಅಲ್ಲೇ.

ಬಾಣಕ್ಕೆ ಗರಿ ಯಾಕೆ?

ಬಾಣದ ತುದಿ ಭಾರ, ಹಿಂದೆ ಗರಿ. ಹಾಗಾಗಿ ಗಾಳಿಯಲ್ಲಿ ಅದರ ಮೂತಿ ಸ್ವಲ್ಪ ಆಚೀಚೆ ಆದರೂ ಗರಿ ಅದನ್ನು ಮತ್ತೆ ನೇರ ಮಾಡುತ್ತೆ. ಹಳೆಯ ವಿಮಾನಗಳ ಲೆಕ್ಕವೂ ಇದೇ. ಭಾರದ ಕೇಂದ್ರ ಮುಂದೆ, ರೆಕ್ಕೆ ಮೇಲೆತ್ತುವ ಬಲದ ಕೇಂದ್ರ ಅದರ ಹಿಂದೆ. ಇದರಿಂದ ಮೂತಿ ಕೆಳಗೆ ಬಾಗುತ್ತೆ, ಅದನ್ನು ಸರಿದೂಗಿಸೋಕೆ ಬಾಲ ಹಿಂಭಾಗವನ್ನು ಕೆಳಕ್ಕೆ ಒತ್ತಬೇಕು. ಅಂದ್ರೆ ರೆಕ್ಕೆ ಎತ್ತಿದ್ದರಲ್ಲಿ ಒಂದು ಪಾಲನ್ನು ಬಾಲವೇ ತಿಂದುಹಾಕುತ್ತೆ. ಸ್ಥಿರತೆಗೆ ಕೊಡುವ ಬೆಲೆ ಅದು.

ಶಬ್ದದ ವೇಗ ದಾಟಿದಾಗ ಈ ಬೆಲೆ ಏರುತ್ತೆ. ಕಡಿಮೆ ವೇಗದಲ್ಲಿ ಮೇಲೆತ್ತುವ ಬಲದ ಕೇಂದ್ರ ರೆಕ್ಕೆಯ ಮುಂಚಿನಿಂದ ಹೆಚ್ಚೂಕಮ್ಮಿ ಕಾಲುಭಾಗ ದೂರದಲ್ಲಿರುತ್ತೆ. ಸೂಪರ್‌ಸಾನಿಕ್ ಆದಾಗ ಅದು ಅರ್ಧದ ಹತ್ತಿರಕ್ಕೆ ಸರಿಯುತ್ತೆ. ಮೂತಿ ಇನ್ನಷ್ಟು ಬಾಗುತ್ತೆ, ಬಾಲ ಇನ್ನಷ್ಟು ಒತ್ತಬೇಕು, ಗಾಳಿಯ ತಡೆ ಹೆಚ್ಚುತ್ತೆ. ವಿಮಾನ ಅತಿಯಾಗಿ ಸ್ಥಿರವಾಗಿ ತಿರುಗೋಕೇ ಒಲ್ಲದಂತಾಗುತ್ತೆ. ಇದರ ಜೊತೆ, ಬಾಲದ ಮೇಲೆ ಆಘಾತ ತರಂಗ ಕೂತರೆ ಅದರ ಹಿಂದಿರುವ ಕೀಲುಪಟ್ಟಿ ಅಲ್ಲಾಡಿಸಿದರೂ ಪರಿಣಾಮವೇ ಇರಲ್ಲ. 1947ರ ಅಕ್ಟೋಬರ್ 14ರಂದು ಶಬ್ದದ ವೇಗ ದಾಟಿದ ಅಮೆರಿಕದ ಎಕ್ಸ್-1 ಇದಕ್ಕೆ ಕಂಡುಕೊಂಡ ಉಪಾಯ, ಇಡೀ ಅಡ್ಡಬಾಲವನ್ನೇ ತಿರುಗಿಸೋದು. ಅಡ್ಡಬಾಲವೇ ಇಲ್ಲದ ಕಾನ್‌ಕಾರ್ಡ್ ಬೇರೆ ದಾರಿ ಹಿಡಿಯಿತು. ವೇಗ ಏರಿದಂತೆ ಟನ್‌ಗಟ್ಟಲೆ ಇಂಧನವನ್ನು ಹಿಂದಿನ ಟ್ಯಾಂಕಿಗೆ ಪಂಪ್ ಮಾಡಿ ಭಾರದ ಕೇಂದ್ರವನ್ನೇ ಹಿಂದಕ್ಕೆ ಸರಿಸುತ್ತಿತ್ತು.

ಅಂಗೈ ಮೇಲಿನ ಕೋಲು

ಫೈಟರ್ ವಿಮಾನಕ್ಕೆ ಕಾನ್‌ಕಾರ್ಡ್ ಥರ ನಿಧಾನವಾಗಿ ಇಂಧನ ಸರಿಸುತ್ತಾ ಕೂರುವಷ್ಟು ಪುರಸೊತ್ತಿಲ್ಲ. ಹಾಗಾಗಿ ತೇಜಸ್ ವಿನ್ಯಾಸಕಾರರು, ಅವರಿಗಿಂತ ಮೊದಲು ಎಫ್-16 ಮಾಡಿದವರು, ಲೆಕ್ಕವನ್ನೇ ಉಲ್ಟಾ ಮಾಡಿದರು. ಕಡಿಮೆ ವೇಗದಲ್ಲಿ ವಿಮಾನ ಅಸ್ಥಿರವಾಗೇ ಇರಲಿ, ವೇಗ ಏರಿದಾಗ ಬಲದ ಕೇಂದ್ರ ಹಿಂದೆ ಸರಿದು ಹದಕ್ಕೆ ಬರುತ್ತೆ ಅಂತ. ಇದರಿಂದ ವಿಮಾನ ಚಿಕ್ಕದಾಗುತ್ತೆ, ಹಗುರಾಗುತ್ತೆ, ಚುರುಕಾಗಿ ತಿರುಗುತ್ತೆ.

ಆದರೆ ಇದು ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ. ಮೂತಿ ಚೂರು ಎದ್ದರೆ ಏಳುತ್ತಲೇ ಹೋಗುತ್ತೆ, ತಡೆಯುವಷ್ಟು ವೇಗ ಮನುಷ್ಯನ ಕೈಗಿಲ್ಲ. ಆ ಕೆಲಸ ಮಾಡೋದು ನಾಲ್ಕು ಚಾನೆಲ್‌ಗಳ ಫ್ಲೈ-ಬೈ-ವೈರ್ ಕಂಪ್ಯೂಟರ್. ಅದು ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು ತಿದ್ದುತ್ತಲೇ ಇರುತ್ತೆ. ಪೈಲಟ್ ಸ್ಟಿಕ್ ಎಳೆಯೋದು ಒಂದು ಕೋರಿಕೆ ಮಾತ್ರ. ಹಾಗಾಗಿ ‘ಅಸ್ಥಿರ’ ಅಂದ್ರೆ ಅಪಾಯಕಾರಿ ಅಂತಲ್ಲ. ಹಳೆ ವಿಮಾನದಲ್ಲಿ ಬಾಲ ಮಾಡ್ತಿದ್ದ ಕೆಲಸವನ್ನು ಇಲ್ಲಿ ಕೋಡ್ ಮಾಡ್ತಿದೆ ಅಂತ. ವಿಮಾನದ ಭದ್ರತೆ ಪೂರ್ತಿ ಆ ಕೋಡ್ ಬರೆದವರ ಮೇಲೆ, ಅದನ್ನು ಪರೀಕ್ಷಿಸಿದವರ ಮೇಲೆ ನಿಂತಿದೆ.

ಕೋಡ್ ಬರೆದವರು ಯಾರು?

1992ರಲ್ಲಿ ಬೆಂಗಳೂರಿನ ಎನ್‌ಎಎಲ್‌ನಲ್ಲಿ ಈ ನಿಯಂತ್ರಣ ಸೂತ್ರಗಳಿಗಾಗಿಯೇ ಒಂದು ರಾಷ್ಟ್ರೀಯ ತಂಡ ಕಟ್ಟಲಾಯಿತು. ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ನೆರವಾಗುತ್ತಿತ್ತು. 1998ರ ಮೇನಲ್ಲಿ ಪೋಖ್ರಾನ್ ಅಣುಪರೀಕ್ಷೆ ಆಯಿತು, ಅಮೆರಿಕ ನಿರ್ಬಂಧ ಹೇರಿತು, ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರ್‌ಗಳು ವಾಪಸ್ ಬರಬೇಕಾಯಿತು. ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ, ನೆಲದ ಮೇಲಿನ ‘ಐರನ್ ಬರ್ಡ್’ ಪರೀಕ್ಷಾ ಸಲಕರಣೆಯಲ್ಲಿ ಮುಗಿಸಲಾಯಿತು. 2001ರ ಜನವರಿ 4ರಂದು ತೇಜಸ್ ಹಾರಿತು.

1983ರಲ್ಲಿ ಮಂಜೂರಾದ ಯೋಜನೆ ಹಾರೋಕೆ ಹದಿನೇಳು ವರ್ಷ ಮೀರಿತು ಅಂತ ಟೀಕಿಸೋದು ಸರಿಯೇ. ಆದರೆ ಆ ವರ್ಷಗಳಲ್ಲಿ ಗಳಿಸಿದ್ದನ್ನೂ ಲೆಕ್ಕಕ್ಕೆ ತಗೋಬೇಕು. ರೆಕ್ಕೆ ಕೆಳಗೆ ಹೊಸ ಕ್ಷಿಪಣಿ ತೂಗುಹಾಕಿದರೆ ಭಾರ, ಗಾಳಿಯ ಹರಿವು ಎರಡೂ ಬದಲಾಗುತ್ತೆ. ಅದಕ್ಕೆ ತಕ್ಕಂತೆ ಸೂತ್ರ ಬದಲಾಯಿಸೋ ಸ್ವಾತಂತ್ರ್ಯ ಕೋಡ್ ನಮ್ಮದಾಗಿರೋದರಿಂದ ನಮಗಿದೆ. ಕೊಂಡು ತಂದ ವಿಮಾನದಲ್ಲಿ ಅದಕ್ಕೆ ಮಾರಿದವರ ಬಾಗಿಲು ಬಡಿಯಬೇಕು.

ಅರ್ಧ ಸ್ವಾವಲಂಬನೆ

ಇನ್ನರ್ಧ ಕಥೆ ಎಂಜಿನ್‌ದು. ಅದು ಹಳೇ ಗಾಯ. 1961ರಲ್ಲೇ ಎಚ್‌ಎಎಲ್, ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನಿಂದ ಮರುತ್ ಹಾರಿಸಿತು. ಹಿಂದಕ್ಕೆ ಬಾಗಿದ ರೆಕ್ಕೆ, ವೇಗಕ್ಕೆಂದೇ ತಿದ್ದಿದ ಮೈಕಟ್ಟು. ಆದರೆ ತಕ್ಕ ಎಂಜಿನ್ ಕೊನೆಗೂ ಸಿಗಲೇ ಇಲ್ಲ. ಅಂದುಕೊಂಡಿದ್ದ ವೇಗ ಅದು ಮುಟ್ಟಲಿಲ್ಲ.

ತೇಜಸ್‌ಗಾಗಿ ಅಂತ ಬೆಂಗಳೂರಿನ ಜಿಟಿಆರ್‌ಇ ಶುರು ಮಾಡಿದ ಕಾವೇರಿ ಎಂಜಿನ್ ಅನ್ನು 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಲಾಯಿತು. ಇವತ್ತಿಗೂ ತೇಜಸ್ ಹಾರೋದು ಅಮೆರಿಕದ ಜಿಇ ಎಂಜಿನ್‌ನಲ್ಲಿ. 2021ರಲ್ಲಿ 83 ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದ ಆಯಿತು, 2024ರಲ್ಲಿ ಮೊದಲನೆಯದು ಬರಬೇಕಿತ್ತು. ಅದರ ಮೊದಲ ಎಂಜಿನ್ ಅಮೆರಿಕದಿಂದ ಬಂದಿದ್ದೇ 2025ರ ಮಾರ್ಚ್‌ನಲ್ಲಿ. ವಿಳಂಬಕ್ಕೆ ಎಂಜಿನ್ ಒಂದೇ ಕಾರಣವಲ್ಲ, ಆದರೆ ಅದು ದೊಡ್ಡ ಕಾರಣ. ಈ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳಿಗೆ 62,370 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿತ್ತು.

ಇಂಥ ಸಹಿಗಳ ದಿನ ಸುದ್ದಿಯಾಗೋದು ವಿಮಾನಗಳ ಸಂಖ್ಯೆ, ಕೋಟಿಗಳ ಲೆಕ್ಕ. ಕಂಟ್ರೋಲ್ ಸೂತ್ರ ಕಲಿತ ತಲೆಮಾರು ನಿವೃತ್ತಿಯಾಗುತ್ತಿರುವಾಗ ಅವರ ಜಾಗಕ್ಕೆ ಎಷ್ಟು ಜನ ಬಂದರು, ಎಂಜಿನ್ ಪರೀಕ್ಷೆಗೆ ಬೇಕಾದ ಸೌಲಭ್ಯಗಳಿಗೆ ಎಷ್ಟು ಹಣ ಹೋಯಿತು ಅನ್ನೋದು ಹೆಡ್‌ಲೈನ್ ಆಗಲ್ಲ. 1998ರಲ್ಲಿ ಬಾಗಿಲು ಮುಚ್ಚಿದಾಗ ನಮ್ಮನ್ನು ಕಾಪಾಡಿದ್ದು ಆರು ವರ್ಷ ಮೊದಲೇ ಕಟ್ಟಿದ್ದ ಒಂದು ತಂಡ. ಎಂಜಿನ್ ವಿಷಯದಲ್ಲಿ ಅಂಥ ತಂಡವನ್ನು ಸರ್ಕಾರ ಈಗ ಕಟ್ಟುತ್ತಿದೆಯಾ? ಮುಂದಿನ ಸಲ ರಕ್ಷಣಾ ಬಜೆಟ್ ಬಂದಾಗ ನಾವು ಕೇಳಬೇಕಾದ್ದು ಅದನ್ನ.