ದಮ್ಮು ಹಿಡಿದು ಇಳಿಯುವ ವಿದ್ಯೆ

ಏಪ್ರಿಲ್ ತಿಂಗಳ ಮಧ್ಯಾಹ್ನ. ಶಹಾಪುರ, ಸುರಪುರ ಸುತ್ತಿನ ಯಾವ ಊರಿನ ತೋಟದ ಬಾವಿಗೆ ಹೋದರೂ ಅದೇ ನೋಟ. ಪರೀಕ್ಷೆ ಮುಗಿಸಿದ ಹುಡುಗರು ಅಂಗಿ ಬಿಚ್ಚಿ ದಂಡೆಗೆಸೆದು ನೀರಿಗೆ ಜಿಗಿಯುತ್ತಾರೆ. ಚಿಕ್ಕವರ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ. ದೊಡ್ಡವರಿಗೆ ಅದೂ ಬೇಡ. ಈಜಿ ಬೇಸರವಾದ ಮೇಲೆ ಪಂದ್ಯ ಶುರು. "ಯಾರ್ದು ದಮ್ ಜಾಸ್ತಿ ಹೊತ್ತು ಇರ್ತದ ನೋಡಮು!" ಒಬ್ಬ ನಾಣ್ಯ ಎಸೆಯುತ್ತಾನೆ, ಇನ್ನೊಬ್ಬ ತಳಕ್ಕೆ ಹೋಗಿ ಹೆಕ್ಕಿ ತರುತ್ತಾನೆ.

ಈ ಬಾವಿಯಾಟಕ್ಕೇ ಹೊರಜಗತ್ತಿನಲ್ಲಿ ಫ್ರೀಡೈವಿಂಗ್ ಎಂದು ಹೆಸರು. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ನೀರಿನಾಳಕ್ಕೆ ಇಳಿದು ಬರುವುದು. ಅದಕ್ಕೆ ಶಾಲೆಗಳಿವೆ, ಪರೀಕ್ಷೆಗಳಿವೆ, ಪ್ರಮಾಣಪತ್ರವಿದೆ. ಕಲಿಸುವುದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರೂ ಇದ್ದಾರೆ. ಮೊಬೈಲಿನಲ್ಲಿ ನೀಲಿ ಕಡಲಿನ ಚಿತ್ರ ನೋಡಿದ ಹುಡುಗ ಒಂದು ದಿನ "ನಾನೂ ಅದರ ಶಿಕ್ಷಕ ಆಗ್ತೀನಿ" ಎಂದರೆ ಮನೆಯಲ್ಲಿ ಗಾಬರಿಯಾಗುವುದು ಸಹಜ. ಯಾದಗಿರಿಯಿಂದ ಸಮುದ್ರ ಎಷ್ಟು ದೂರ! "ನೀರಿಗಿ ಹೋಗಬ್ಯಾಡಪ್ಪ" ಎಂದೇ ಬೆಳೆಸಿದ ಅವ್ವನಿಗೆ ಇದು ಅರ್ಥವಾಗುವ ಮಾತೂ ಅಲ್ಲ. ಆದರೆ ಮಗನನ್ನು ಬೈಯುವ ಮೊದಲು, ಮಗನೂ ಊರು ಬಿಡುವ ಮೊದಲು, ಇಬ್ಬರೂ ತಿಳಿಯಬೇಕಾದದ್ದು ಬಹಳ ಇದೆ.

ವಿದ್ಯೆ ಹೊಸದೇನಲ್ಲ. ರನ್ನನ ಗದಾಯುದ್ಧ ಓದಿದವರಿಗೆ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ನೆನಪಿರುತ್ತದೆ. ಅವನದು ಜಲಸ್ತಂಭ ಮಂತ್ರದ ಬಲ. ಮಂತ್ರವಿಲ್ಲದೆಯೇ ಮನ್ನಾರ್ ಕೊಲ್ಲಿಯ ಮುತ್ತಿನ ಮುಳುಗುಗಾರರು ಕಾಲಿಗೆ ಕಲ್ಲಿನ ಭಾರ ಕೊಟ್ಟು ಇಳಿಯುತ್ತಿದ್ದರು. ಜಪಾನಿನ 'ಆಮಾ' ಹೆಂಗಸರು, ಕೊರಿಯಾದ ಜೇಜು ದ್ವೀಪದ 'ಹೇನ್ಯೊ' ಹೆಂಗಸರು ಇಂದಿಗೂ ಹೀಗೆಯೇ ಇಳಿದು ಚಿಪ್ಪು, ಕಡಲಪಾಚಿ ತರುತ್ತಾರೆ. ಹೇನ್ಯೊ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. 1976ರಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಫ್ರಾನ್ಸಿನ ಜಾಕ್ ಮಯೋಲ್ ಭಾರದ ಬಂಡಿ ಹಿಡಿದು 100 ಮೀಟರ್ ಆಳ ಮುಟ್ಟಿ ಬಂದಾಗ ಅವರಿಗೆ 49 ವರ್ಷ. ಆತ ಯೋಗಾಭ್ಯಾಸಿ, ಉಸಿರಿನ ಹಿಡಿತವನ್ನು ಪ್ರಾಣಾಯಾಮದಿಂದ ಸಾಧಿಸಿದವರು. ನಮ್ಮ ಮನೆಯ ಜಗಲಿಯ ವಿದ್ಯೆ ಅಲ್ಲಿಯವರೆಗೆ ಹೋಗಿದೆ, ನಾವು ಬಾವಿಯ ದಂಡೆಯಲ್ಲೇ ಉಳಿದೆವು!

ಇನ್ನು ಅಪಾಯದ ಮಾತು. ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಸಮುದ್ರಕ್ಕೆ ಎಂದೂ ಹೋಗದ ಹುಡುಗನಿಗೂ ಇದು ಬೇಕಾದದ್ದು.

ದಮ್ಮು ಹಿಡಿದಾಗ ಎದೆ ಹಿಂಡಿದಂತಾಗಿ "ಉಸಿರಾಡು, ಉಸಿರಾಡು" ಎಂದು ದೇಹ ಒತ್ತಾಯಿಸುವುದು ಆಮ್ಲಜನಕ ಕಡಿಮೆಯಾದದ್ದಕ್ಕಲ್ಲ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಾದದ್ದಕ್ಕೆ. ಅದು ದೇಹದ ಎಚ್ಚರಿಕೆಯ ಗಂಟೆ. ಪಂದ್ಯ ಗೆಲ್ಲಬೇಕೆಂಬ ಹುಡುಗರು ಏನು ಮಾಡುತ್ತಾರೆ? ಮುಳುಗುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ, ಬೇಗ ಬೇಗ ಉಸಿರು ಎಳೆದು ಬಿಡುತ್ತಾರೆ. ಹೆಚ್ಚು ಗಾಳಿ ತುಂಬಿಕೊಂಡೆವು ಎಂದು ಅವರ ನಂಬಿಕೆ. ನಿಜಕ್ಕೂ ಆಗುವುದೇ ಬೇರೆ. ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಇಂಗಾಲದ ಡೈ ಆಕ್ಸೈಡ್ ಮಾತ್ರ ಹೊರಹೋಗಿರುತ್ತದೆ. ಅಂದರೆ ಗಂಟೆಯ ನಾಲಿಗೆ ಕಿತ್ತಂತೆ. ನೀರಿನೊಳಗೆ ಕಷ್ಟವೇ ಅನಿಸುವುದಿಲ್ಲ, ಹಾಯಾಗಿಯೇ ಇರುತ್ತದೆ. ಅಷ್ಟರಲ್ಲಿ ಆಮ್ಲಜನಕ ತೀರಿ, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಕೈ ಬೀಸುವುದಿಲ್ಲ, ಕೂಗುವುದಿಲ್ಲ. ಮೇಲೆ ನಿಂತ ಗೆಳೆಯರು "ಇನ್ನೂ ದಮ್ ಹಿಡಿದಾನ" ಎಂದು ಚಪ್ಪಾಳೆ ಹೊಡೆಯುತ್ತಿರುತ್ತಾರೆ. ಚೆನ್ನಾಗಿ ಈಜು ಬಲ್ಲ ಹುಡುಗ ಶಾಂತ ನೀರಿನಲ್ಲಿ ಹೇಗೆ ಹೋದ ಎಂದು ಊರು ಮರುಗುವ ಪ್ರಕರಣಗಳಲ್ಲಿ ಕೆಲವಕ್ಕಾದರೂ ಇದೇ ಕಾರಣವಿರಬಹುದು.

ಆಳದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗಿ ಶ್ವಾಸಕೋಶದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮೂವತ್ತು ಮೀಟರಿಗೆ ಕಾಲು ಭಾಗ. ಈ ಒತ್ತಡವೇ ಆಮ್ಲಜನಕವನ್ನು ರಕ್ತಕ್ಕೆ ದೂಡುತ್ತಿರುವುದರಿಂದ ಕೆಳಗೆ ಇರುವಷ್ಟು ಹೊತ್ತು ಎಲ್ಲ ಸರಿಯಿದ್ದಂತೆ ತೋರುತ್ತದೆ. ಮೇಲೆ ಬರುವಾಗ ಒತ್ತಡ ಇಳಿಯುತ್ತದೆ, ಉಳಿದ ಆಮ್ಲಜನಕ ಸಾಲದಾಗುತ್ತದೆ. ಆದ್ದರಿಂದಲೇ ಹೆಚ್ಚಿನ ಅವಘಡಗಳು ತಳದಲ್ಲಿ ಅಲ್ಲ, ಮೇಲ್ಮೈಗೆ ಕೊನೆಯ ಹತ್ತು ಮೀಟರಿನೊಳಗೆ ನಡೆಯುತ್ತವೆ. ಮೇಲೆ ಬಂದು ಒಂದು ಉಸಿರು ತೆಗೆದುಕೊಂಡ ಮೇಲೂ ಪ್ರಜ್ಞೆ ತಪ್ಪುವುದುಂಟು.

ಹೀಗಾಗಿ ಈ ವಿದ್ಯೆಯ ಮೊದಲ ಪಾಠ ಆಳದ್ದಲ್ಲ, ಜೊತೆಗಾರನದು. ಒಬ್ಬ ಕೆಳಗೆ, ಒಬ್ಬ ಮೇಲೆ. ಇಬ್ಬರೂ ಒಟ್ಟಿಗೆ ಮುಳುಗುವಂತಿಲ್ಲ. ಮೇಲಿದ್ದವನು ಬರುವವನನ್ನು ಅರ್ಧದಾರಿಯಲ್ಲಿ ಎದುರುಗೊಂಡು, ಅವನು ಮೇಲೆ ಬಂದ ನಂತರವೂ ಕನಿಷ್ಠ 30 ಸೆಕೆಂಡ್ ಮುಖ ನೋಡುತ್ತಿರಬೇಕು. ನೀರಿನಲ್ಲಿ ಕಳೆದ ಹೊತ್ತಿನ ಎರಡರಷ್ಟಾದರೂ ವಿಶ್ರಾಂತಿ ಪಡೆದೇ ಮತ್ತೆ ಇಳಿಯಬೇಕು. ಆಳದ ಅಭ್ಯಾಸಕ್ಕೆ ತೇಲುಬುರುಡೆಯಿಂದ ಇಳಿಬಿಟ್ಟ ಹಗ್ಗವಿರುತ್ತದೆ; ಮುಳುಗುವವನನ್ನು ಅದಕ್ಕೆ ಇನ್ನೊಂದು ಸಣ್ಣ ಹಗ್ಗದಿಂದ ಕಟ್ಟಿರುತ್ತಾರೆ.

ಈ ನಿಯಮ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ರಷ್ಯಾದ ನತಾಲಿಯಾ ಮೊಲ್ಚನೊವಾ 41 ವಿಶ್ವದಾಖಲೆ ಮಾಡಿದ ಹೆಣ್ಣುಮಗಳು. ರೆಕ್ಕೆಪಾದ ತೊಟ್ಟು ಸ್ವಂತ ಬಲದಿಂದ 100 ಮೀಟರಿಗೂ ಆಳ ಹೋದ ಮೊದಲ ಮಹಿಳೆ. ನೂರಾರು ಜನರಿಗೆ ಕಲಿಸಿದ ಗುರು. 2015ರ ಆಗಸ್ಟ್ 2ರಂದು ಸ್ಪೇನಿನ ಫೊರ್ಮೆಂಟೆರಾ ದ್ವೀಪದ ಬಳಿ ಶಿಷ್ಯರಿಗೆ ಪಾಠ ಹೇಳಲು ಹೋದವರು, ತಮ್ಮದೊಂದು ಸಾಧಾರಣ ಮುಳುಗಿಗೆ ಇಳಿದು ಮತ್ತೆ ಕಾಣಲಿಲ್ಲ. ಅವರ ಮಗ ಅಲೆಕ್ಸಿ ಇಂದು 130 ಮೀಟರಿಗೂ ಆಚೆ ಹೋಗಿಬರುವ ಸಾಧಕ, ಅವರೂ ಕಲಿಸುತ್ತಾರೆ.

ಶಿಕ್ಷಕನಾಗುವ ದಾರಿ ಮೆಟ್ಟಿಲು ಮೆಟ್ಟಿಲಾಗಿದೆ. 1992ರಲ್ಲಿ ಸ್ಥಾಪನೆಯಾದ 'ಐಡಾ' ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ, 'ಪಾಡಿ', 'ಎಸ್.ಎಸ್.ಐ.' ಮೊದಲಾದವೂ ಪ್ರಮಾಣಪತ್ರ ಕೊಡುತ್ತವೆ. ಐಡಾದ ಎರಡನೆಯ ಹಂತದಲ್ಲಿ ನಿಂತಲ್ಲೇ 2 ನಿಮಿಷ ಉಸಿರು ಹಿಡಿಯಬೇಕು, ಕೊಳದಲ್ಲಿ ಒಂದೇ ಉಸಿರಿಗೆ 40 ಮೀಟರ್ ಸಾಗಬೇಕು, ಕಡಲಿನಲ್ಲಿ 16ರಿಂದ 20 ಮೀಟರ್ ಇಳಿಯಬೇಕು. ಮೂರನೆಯದರಲ್ಲಿ 2 ನಿಮಿಷ 45 ಸೆಕೆಂಡ್, 55 ಮೀಟರ್, 24ರಿಂದ 30 ಮೀಟರ್. ನಾಲ್ಕನೆಯದರಲ್ಲಿ ಮೂರೂವರೆ ನಿಮಿಷ, 70 ಮೀಟರ್, ಆಳ 32ಕ್ಕೂ ಮೇಲೆ. ಇದೆಲ್ಲ ಆದ ಮೇಲೆಯೇ ಶಿಕ್ಷಕರ ತರಬೇತಿ. ಬಾವಿಯ ಹುಡುಗರು ಉಸಿರಿನ ಲೆಕ್ಕ ನೋಡಿ "ಇಷ್ಟೇನಾ!" ಎಂದಾರು. ಹೊಸಬರು ಸೋಲುವುದು ಉಸಿರಿನಲ್ಲಿ ಅಲ್ಲ, ಕಿವಿಯಲ್ಲಿ. ಒಂದೆರಡು ಮೀಟರ್ ಇಳಿಯುತ್ತಲೇ ಕಿವಿಯ ತಮಟೆಗೆ ನೀರಿನ ಒತ್ತಡ ಬೀಳುತ್ತದೆ. ಮೂಗು ಹಿಡಿದು, ನಾಲಿಗೆಯಿಂದ ಗಾಳಿಯನ್ನು ಹಿಂದಕ್ಕೊತ್ತಿ ಆಗಾಗ ಅದನ್ನು ಸರಿಗಟ್ಟಬೇಕು. ತಲೆ ಕೆಳಗಾಗಿ ಇಳಿಯುತ್ತ ಇದನ್ನು ಮಾಡಲು ಕೆಲವರಿಗೆ ತಿಂಗಳುಗಳೇ ಬೇಕು. ನೋವು ತಡೆದು ಮುಂದೆ ಹೋದರೆ ತಮಟೆ ಹರಿಯುತ್ತದೆ.

ಶಿಕ್ಷಕರ ತರಬೇತಿಯಲ್ಲಿ ತನ್ನ ಆಳ ಹೆಚ್ಚಿಸಿಕೊಳ್ಳುವುದಕ್ಕಿಂತ ಬೇರೆಯವರ ಪ್ರಾಣ ನೋಡಿಕೊಳ್ಳುವುದೇ ಹೆಚ್ಚು. ಪ್ರಜ್ಞೆ ತಪ್ಪಿದವನನ್ನು ಆಳದಿಂದ ಎತ್ತಿ ತರಬೇಕು, ಬಾಯಿ ಮೂಗು ನೀರಿನಿಂದ ಮೇಲೆ ಹಿಡಿಯಬೇಕು, ಕೃತಕ ಉಸಿರಾಟ ಬಲ್ಲವನಾಗಿರಬೇಕು. ಶರೀರಶಾಸ್ತ್ರದ ಲಿಖಿತ ಪರೀಕ್ಷೆ ಇರುತ್ತದೆ. ಪರೀಕ್ಷಕರ ಎದುರು ಪಾಠ ಹೇಳಿ ತೋರಿಸಬೇಕು. ವಿಜ್ಞಾನ ಓದಿದವರಿಗೆ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಸ್ಪಷ್ಟವಾಗಿ ಮಾತಾಡಬಲ್ಲವರಿಗೆ ಇಲ್ಲಿ ಅನುಕೂಲ. ಪಿ.ಯು.ಸಿ. ಜೀವಶಾಸ್ತ್ರ ದಂಡವಾಗುವುದಿಲ್ಲ.

ಯಾದಗಿರಿಯವರು ಎಲ್ಲಿ ಕಲಿಯಬೇಕು? ನಾರಾಯಣಪುರದ ಬಸವಸಾಗರದಲ್ಲಿ ನೀರಿದೆಯಲ್ಲ ಎಂಬ ಯೋಚನೆ ಬಂದರೆ ಅಲ್ಲಿಗೇ ಬಿಡುವುದು ಒಳ್ಳೆಯದು. ಕೆಸರಿನಿಂದ ಕೈಯೂ ಕಾಣದ ನೀರು, ಗೇಟು ತೆರೆದಾಗಿನ ಸೆಳವು. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಎಡದಂಡೆ ಕಾಲುವೆ, ಶಹಾಪುರ ಶಾಖಾ ಕಾಲುವೆಗಳಂತೂ ಈಜಿಗೂ ಆಗದ ಜಾಗ. ಪಾಚಿ ಹಿಡಿದ ಸಿಮೆಂಟಿನ ಇಳಿಜಾರಿನಲ್ಲಿ ಹತ್ತಿ ಬರಲು ಹಿಡಿತವೇ ಸಿಗದು. ಮೊದಲು ಕಲಬುರಗಿ, ಬೆಂಗಳೂರಿನಂಥ ಊರಿನ ಈಜುಕೊಳದಲ್ಲಿ ಕ್ರಮಬದ್ಧ ಈಜು ಕಲಿಯಬೇಕು. ಮುಂದಿನ ಮಾತು ಕಡಲಿನದು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿಯಲ್ಲಿ ನಡೆಯುವುದು ಮುಖ್ಯವಾಗಿ ಸಿಲಿಂಡರ್ ಕಟ್ಟಿದ ಸ್ಕೂಬಾ. ನೀರಿನೊಳಗಿನ ಕೆಲಸ ತನಗೆ ಒಗ್ಗುತ್ತದೆಯೇ ಎಂದು ತಿಳಿಯಲು ಅಷ್ಟು ಸಾಕು. ಫ್ರೀಡೈವಿಂಗ್ ಕೋರ್ಸುಗಳಿಗೆ ಅಂಡಮಾನಿನ ಕಡೆ ನೋಡಬೇಕು. ಮುಂಬೈ–ಚೆನ್ನೈ ರೈಲುಹಳಿ ಯಾದಗಿರಿಯ ಮೇಲೆಯೇ ಹಾದುಹೋಗುವುದರಿಂದ ಚೆನ್ನೈವರೆಗಿನ ದಾರಿ ಸುಲಭ. ಅಲ್ಲಿಂದ ಹಡಗು ಅಥವಾ ವಿಮಾನ.

ದುಡ್ಡಿನ ವಿಷಯ ಮುಚ್ಚಿಡಬಾರದು. ಪ್ರತಿ ಹಂತಕ್ಕೂ ಶುಲ್ಕವಿದೆ; ಪ್ರಯಾಣ, ವಸತಿ, ಉಪಕರಣಗಳ ಖರ್ಚು ಬೇರೆ. ಶಿಕ್ಷಕನಾದ ಮೇಲೂ ತಿಂಗಳ ಸಂಬಳದ ಖಾತ್ರಿಯಿಲ್ಲ. ಎಷ್ಟು ಶಿಷ್ಯರೋ ಅಷ್ಟು ಗಳಿಕೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ನೀರಿಗೆ ಯಾರೂ ಇಳಿಯುವುದಿಲ್ಲ. ಸಾಲ ಮಾಡಿ ಓಡುವ ದಾರಿ ಇದಲ್ಲ. ಪದವಿ ಮುಗಿಸಿಕೊಂಡು, ಜೊತೆಗೆ ಈಜು ತರಬೇತುದಾರ ಇಲ್ಲವೆ ಜೀವರಕ್ಷಕನ ಅರ್ಹತೆ ಪಡೆದವನಿಗೆ ಕಷ್ಟಕಾಲದಲ್ಲಿ ಕೈಗೊಂದು ಕೆಲಸ ಇರುತ್ತದೆ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಣೆಯ ಕೋರ್ಸುಗಳಿವೆ. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯನ್ನೂ ವಿಚಾರಿಸಬಹುದು. ಜೀವರಕ್ಷಕರ ಅಗತ್ಯವಂತೂ ಕಡಲಿನಲ್ಲಿ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರುಪಾಲಾದರು; 5ರಿಂದ 14 ವಯಸ್ಸಿನ ಮಕ್ಕಳ ಸಾವಿನ ಕಾರಣಗಳಲ್ಲಿ ಇದು ಮೂರನೆಯದು.

ಐಡಾ ಕೋರ್ಸಿಗೆ 18 ವರ್ಷ ತುಂಬಿರಬೇಕು. 16 ತುಂಬಿದವರು ಪಾಲಕರ ಒಪ್ಪಿಗೆಯಿದ್ದರೆ ಸೇರಬಹುದು. ಜೊತೆಗೆ ಆರೋಗ್ಯದ ಪ್ರಶ್ನಾವಳಿಯೊಂದು ಬರುತ್ತದೆ. ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿ ಸೋರುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರ ಅನುಮತಿ ಪತ್ರ ಬೇಕೇ ಬೇಕು. ಮಗ ಬಾಲ್ಯದಲ್ಲಿ ಜ್ವರ ಬಂದು ಸೆಟೆದದ್ದು ಅವನಿಗೆ ನೆನಪಿರುವುದಿಲ್ಲ, ಅವ್ವನಿಗೆ ನೆನಪಿರುತ್ತದೆ. ಆ ಹಾಳೆಯನ್ನು ಅವ್ವನ ಪಕ್ಕದಲ್ಲಿ ಕುಳಿತೇ ತುಂಬಬೇಕು.